ಸುಗ್ಗಿಯ ದುಡ್ಡಿಗೊಂದು ನಾಲ್ಕನೆಯ ದಾರಿ

ಉಳಿತಾಯದ ಮಾತು ಬಂದಲ್ಲೆಲ್ಲ ತಿಂಗಳು ತಿಂಗಳು ಹಣ ಹಾಕುವ ಎಸ್‌ಐಪಿಯ ಹೆಸರು ಕೇಳುತ್ತದೆ. ತಿಂಗಳ ಸಂಬಳದವರಿಗೆ ಅದು ಸರಿಯಾದ ದಾರಿಯೇ. ಆದರೆ ಅರಕಲಗೂಡಿನ ಹೊಗೆಸೊಪ್ಪು ಬೆಳೆಗಾರನಿಗೆ ಹಣ ಕಾಣುವುದು ರಾಮನಾಥಪುರದ ಹರಾಜು ಮಾರುಕಟ್ಟೆ ತೆರೆದ ಮೇಲೆ. ಹೊಳೆನರಸೀಪುರದಲ್ಲಿ ಭತ್ತ ಕಟಾವಾಗಬೇಕು, ಹಾಸನದ ಸುತ್ತ ಶುಂಠಿ, ಆಲೂಗಡ್ಡೆ ಕಿತ್ತು ಲಾರಿ ಹತ್ತಬೇಕು, ಚನ್ನರಾಯಪಟ್ಟಣದಲ್ಲಿ ಅಟ್ಟದ ಮೇಲಿನ ಕೊಬ್ಬರಿಗೆ ದರ ಕುದುರಬೇಕು. ಬಂದಾಗ ಒಟ್ಟಿಗೇ ಬರುವ ಹಣ ಇದು. ಸಾಲ ತೀರಿಸಿ, ಮುಂದಿನ ಬೆಳೆಯ ಬೀಜ ಗೊಬ್ಬರಕ್ಕೆ ತೆಗೆದಿಟ್ಟು ಏನಾದರೂ ಉಳಿದರೆ ಅದಕ್ಕೆ ಮೂರೇ ದಾರಿ: ಸೈಟು, ಚಿನ್ನ, ಬ್ಯಾಂಕಿನ ಎಫ್‌ಡಿ. ನಾಲ್ಕನೆಯದಾಗಿ ಇಟಿಎಫ್ ಸೇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಷೇರುಪೇಟೆಯಲ್ಲಿ ಷೇರಿನಂತೆಯೇ ಕೊಂಡು ಮಾರಬಹುದಾದ ಮ್ಯೂಚುವಲ್ ಫಂಡೇ ಇಟಿಎಫ್. ನಿಫ್ಟಿ ಇಟಿಎಫ್‌ನ ಒಂದೇ ಯೂನಿಟ್ ಕೊಂಡರೂ ನಿಫ್ಟಿ ಸೂಚ್ಯಂಕದಲ್ಲಿರುವ ದೇಶದ ಐವತ್ತು ದೊಡ್ಡ ಕಂಪನಿಗಳಲ್ಲಿ ಚೂರು ಚೂರು ಪಾಲು ಸಿಗುತ್ತದೆ. ಇನ್ಫೊಸಿಸ್, ಸ್ಟೇಟ್ ಬ್ಯಾಂಕ್, ಐಟಿಸಿ ಎಲ್ಲ ಅದರೊಳಗಿವೆ. ಕರ್ನಾಟಕದ ಹೊಗೆಸೊಪ್ಪು ಹರಾಜಿನ ದೊಡ್ಡ ಖರೀದಿದಾರರಲ್ಲಿ ಐಟಿಸಿಯೂ ಒಂದು. ಎಲೆ ಮಾರಿದವನೇ ಅದರ ಲಾಭಕ್ಕೂ ಪಾಲುದಾರನಾಗಬಹುದು. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಪಿಎಫ್ ಕಟ್ಟುವ ಕಾರ್ಮಿಕರ ಉಳಿತಾಯವಂತೂ ಆಗಲೇ ಇಲ್ಲಿಗೆ ಬಂದಿದೆ. ಭವಿಷ್ಯನಿಧಿ ಸಂಸ್ಥೆ 2015ರ ಆಗಸ್ಟ್‌ನಿಂದ ಹೊಸದಾಗಿ ಸೇರುವ ಹಣದ ಒಂದು ಭಾಗವನ್ನು ಇಟಿಎಫ್‌ಗಳಲ್ಲಿ ತೊಡಗಿಸುತ್ತಿದೆ. ಶೇ 5ರಿಂದ ಆರಂಭಿಸಿ 2017ರಲ್ಲಿ ಅದನ್ನು ಶೇ 15ಕ್ಕೆ ಏರಿಸಿತು.

ಕೆನಡಾದಲ್ಲಿ 1990ರಲ್ಲಿ, ಅಮೆರಿಕದಲ್ಲಿ 1993ರಲ್ಲಿ ಶುರುವಾದ ಈ ಪದ್ಧತಿಯನ್ನು ಭಾರತಕ್ಕೆ ತಂದದ್ದು ಬೆಂಚ್‌ಮಾರ್ಕ್ ಎಂಬ ಪುಟ್ಟ ಫಂಡ್ ಸಂಸ್ಥೆ, 2001ರ ಡಿಸೆಂಬರ್‌ನಲ್ಲಿ, ನಿಫ್ಟಿ ಬೀಸ್ ಹೆಸರಿನಲ್ಲಿ. ಆಮೇಲೆ ಆ ಫಂಡ್ ಗೋಲ್ಡ್‌ಮನ್ ಸ್ಯಾಕ್ಸ್‌ಗೆ, ಅಲ್ಲಿಂದ ರಿಲಯನ್ಸ್‌ಗೆ, ಈಗ ನಿಪ್ಪಾನ್‌ಗೆ ಬಂದಿದೆ. ಒಡೆತನ ಇಷ್ಟು ಸಲ ಬದಲಾದರೂ ಯೂನಿಟ್ ಮಾತ್ರ ನಿಫ್ಟಿಯ ಹಿಂದೆಯೇ ನಡೆದಿದೆ. ಯಾವ ಷೇರು ಕೊಳ್ಳಬೇಕೆಂದು ಇಲ್ಲಿ ಯಾರೂ ತಲೆ ಓಡಿಸಬೇಕಿಲ್ಲವಾದ್ದರಿಂದ ಖರ್ಚೂ ಅತ್ಯಲ್ಪ. ದೊಡ್ಡ ನಿಫ್ಟಿ ಇಟಿಎಫ್‌ಗಳಲ್ಲಿ ಲಕ್ಷ ರೂಪಾಯಿಗೆ ವರ್ಷಕ್ಕೆ ನೂರು ರೂಪಾಯಿಯೂ ಆಗುವುದಿಲ್ಲ.

ಎಚ್ಚರ ಬೇಕಾದದ್ದು ಬೆಲೆಯ ವಿಷಯದಲ್ಲಿ. ಇಟಿಎಫ್‌ಗೆ ಎರಡು ಬೆಲೆಗಳಿವೆ. ಒಳಗಿರುವ ಷೇರು ಅಥವಾ ಚಿನ್ನದ ನಿಜ ಮೌಲ್ಯ ಒಂದು. ಪೇಟೆಯಲ್ಲಿ ಆ ಗಳಿಗೆಗೆ ಯೂನಿಟ್ ಕೈ ಬದಲಾಗುವ ದರ ಇನ್ನೊಂದು. ದರ ಮೇಲೆ ಹೋದರೆ ದೊಡ್ಡ ವ್ಯಾಪಾರಿಗಳು ಫಂಡಿನಿಂದ ಸಗಟಿನಲ್ಲಿ ಹೊಸ ಯೂನಿಟ್ ಪಡೆದು ಪೇಟೆಗೆ ಬಿಡುತ್ತಾರೆ, ಇಳಿದರೆ ಕೊಂಡು ಫಂಡಿಗೆ ಮರಳಿಸುತ್ತಾರೆ. ಹೀಗೆ ಎರಡೂ ಹತ್ತಿರಹತ್ತಿರ ಇರುತ್ತವೆ. ಈ ಓಡಾಟ ಕಡಿಮೆಯಿದ್ದರೆ ತೊಂದರೆ. ಖರೀದಿದಾರರು ಕಡಿಮೆ ಬಂದ ದಿನ ಒಳ್ಳೆಯ ಎಲೆಗೂ ಹರಾಜಿನಲ್ಲಿ ದರ ಸಿಗುವುದಿಲ್ಲವಲ್ಲ, ವಹಿವಾಟು ಕಡಿಮೆಯಿರುವ ಇಟಿಎಫ್‌ನದೂ ಅದೇ ಪಾಡು.

2025ರ ಅಕ್ಟೋಬರ್‌ನಲ್ಲಿ, ದೀಪಾವಳಿಯ ಮುಂಚೆ, ಬೆಳ್ಳಿಗೆ ಎಲ್ಲರೂ ಮುಗಿಬಿದ್ದು ಗಟ್ಟಿ ಬೆಳ್ಳಿಯೇ ಸಿಗದಂತಾಯಿತು. ಬೆಳ್ಳಿ ಇಟಿಎಫ್‌ಗಳು ಒಳಗಿನ ಬೆಳ್ಳಿಯ ಮೌಲ್ಯಕ್ಕಿಂತ ಸಾಕಷ್ಟು ಹೆಚ್ಚಿನ ದರಕ್ಕೆ ಮಾರಾಟವಾದವು. ಕೆಲವು ಫಂಡ್ ಸಂಸ್ಥೆಗಳು ತಮ್ಮ ಬೆಳ್ಳಿ ಫಂಡ್‌ಗಳಿಗೆ ಒಟ್ಟು ಮೊತ್ತದ ಹೂಡಿಕೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದವು. ಆ ದಿನಗಳಲ್ಲಿ ಕೊಂಡವರು ಬೆಳ್ಳಿಗಷ್ಟೇ ಅಲ್ಲ, ಅವಸರಕ್ಕೂ ದುಡ್ಡು ತೆತ್ತರು. ಷೇರು ಇಟಿಎಫ್‌ಗಳ ಒಳಮೌಲ್ಯವನ್ನು ವಹಿವಾಟಿನ ಹೊತ್ತಿನಲ್ಲಿ ಹೆಚ್ಚೆಂದರೆ 15 ಸೆಕೆಂಡಿನ ಅಂತರದಲ್ಲಿ ತೋರಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಯಮ ಮಾಡಿದೆ. ಐಎನ್‌ಎವಿ ಎಂಬ ಆ ಅಂಕಿಯನ್ನು ಫಂಡಿನ ಜಾಲತಾಣದಲ್ಲಿ ನೋಡಿ, ಅದರ ಆಸುಪಾಸಿನ ದರ ನಮೂದಿಸಿ ‘ಲಿಮಿಟ್’ ಆರ್ಡರ್ ಹಾಕಿ. ಸಿಕ್ಕಿದ ದರಕ್ಕೆ ಕೊಳ್ಳುವ ‘ಮಾರ್ಕೆಟ್’ ಆರ್ಡರ್ ಬೇಡ.

ಚಿನ್ನದ ಇಟಿಎಫ್ ನಮ್ಮಲ್ಲಿ 2007ರಿಂದ ಇದೆ. ಮೈಮೇಲೆ ಹಾಕಿಕೊಳ್ಳುವ ಒಡವೆಯನ್ನು ಅಂಗಡಿಯಲ್ಲೇ ಕೊಳ್ಳಿ, ಅದರ ಸಂತೋಷ ಬೇರೆ. ಮಗಳ ಮದುವೆಗೆಂದು ಹತ್ತು ವರ್ಷ ಮೊದಲೇ ಕೂಡಿಡುವ ಚಿನ್ನಕ್ಕೆ ಮಾತ್ರ ಮಜೂರಿ, ವೇಸ್ಟೇಜು, ಲಾಕರ್ ಬಾಡಿಗೆ ಯಾಕೆ ತೆರಬೇಕು?

ಷೇರು ಇಟಿಎಫ್‌ಗೆ ಹಾಕುವ ಹಣ ಏಳೆಂಟು ವರ್ಷ ಬೇಕಾಗದ ಹಣವಾಗಿರಬೇಕು. 2020ರ ಜನವರಿಯಲ್ಲಿ 12,000 ದಾಟಿದ್ದ ನಿಫ್ಟಿ ಮಾರ್ಚ್ 23ರಂದು 7,610ಕ್ಕೆ ಕುಸಿದಿತ್ತು. ಆ ಮಾರ್ಚ್‌ನಲ್ಲಿ ಗೊಬ್ಬರಕ್ಕೆಂದು ಯೂನಿಟ್ ಮಾರಬೇಕಾಗಿ ಬಂದವನ ಪಾಡು ನೆನೆದರೆ ಸಾಕು. ಆದ್ದರಿಂದಲೇ ಒಟ್ಟಿಗೆ ಬಂದ ಹಣವನ್ನು ಒಂದೇ ದಿನ ಸುರಿಯದೆ, ಮೂರು ನಾಲ್ಕು ತಿಂಗಳಿಗೆ ಹಂಚಿ ಕೊಳ್ಳುವುದು ಮೇಲು. ಅಲ್ಲಿಯವರೆಗೆ ಬ್ಯಾಂಕಿನಲ್ಲಿರಲಿ. ಇಟಿಎಫ್ ಕೊಳ್ಳಲು ಬೇಕಾಗುವ ಡಿಮ್ಯಾಟ್ ಖಾತೆಯ ರಗಳೆಯೇ ಬೇಡ ಎನ್ನುವವರಿಗೆ ಅದೇ ನಿಫ್ಟಿಯ ಇಂಡೆಕ್ಸ್ ಫಂಡ್ ಇದೆ, ಖರ್ಚು ತುಸು ಹೆಚ್ಚು. ಒಂದೇ ವಲಯದ ಇಟಿಎಫ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಒಂದೇ ಬೆಳೆಯನ್ನು ನೆಚ್ಚಿ ಬದುಕುವ ಮನೆ ಉಳಿತಾಯದಲ್ಲೂ ಒಂದನ್ನೇ ನೆಚ್ಚಬಾರದು.

ಮಾರುವುದು ಸುಲಭ, ಮಾರಿದ ಮಾರನೆಯ ವಹಿವಾಟಿನ ದಿನ ಲೆಕ್ಕ ಚುಕ್ತಾ ಆಗಿ ಹಣ ಬರುತ್ತದೆ. ಒಂದು ವರ್ಷ ದಾಟಿದ ಷೇರು ಇಟಿಎಫ್‌ನ ಲಾಭ ವರ್ಷಕ್ಕೆ 1.25 ಲಕ್ಷದೊಳಗಿದ್ದರೆ ತೆರಿಗೆಯಿಲ್ಲ, ಅದರ ಮೇಲೆ ಶೇ 12.5. ಖಾತೆ ತೆರೆಯುವ ದಿನವೇ ನಾಮಿನಿಯಾಗಿ ಮನೆಯವರ ಹೆಸರು ಬರೆಸಿ.