ನಕ್ಷೆಯ ನಿಖರತೆ ಮತ್ತು ಊರಿನ ಹೆಸರು

ನಕ್ಷಾಕಲೆಯ ಇತಿಹಾಸವನ್ನು ಉಪಕರಣಗಳ ಮುನ್ನಡೆಯ ಕಥೆಯೆಂದು ಓದುವ ರೂಢಿ ಬಲವಾಗಿದೆ. ಸರಪಳಿ, ಥಿಯೊಡೊಲೈಟು, ವಿಮಾನದ ಛಾಯಾಚಿತ್ರ, ಉಪಗ್ರಹ, ಇವು ಆ ಕಥೆಯ ಮೆಟ್ಟಿಲುಗಳು. ಈ ಓದು ಸುಳ್ಳೆನ್ನಲಾಗದು; ಆದರೆ ಅಪೂರ್ಣ. ನಕ್ಷೆಯಲ್ಲಿ ಊರಿನ ಸ್ಥಾನವಿರುವಂತೆ ಊರಿನ ಹೆಸರೂ ಉಂಟು. ಉಪಕರಣಗಳು ತಿದ್ದಿದ್ದು ಸ್ಥಾನವನ್ನು ಮಾತ್ರ.

ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ಸುಮಾರು 7½ ಮೈಲಿಯ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದು ತ್ರಿಕೋನಮಾಪನಕ್ಕೆ ತಳಹದಿ ಹಾಕಿದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡಿದ್ದನು. ಲ್ಯಾಂಬ್ಟನ್ನನ ಗಮನವೆಲ್ಲ ಕೋನಗಳ ಗಣಿತದಲ್ಲಿತ್ತು. ಮೆಕೆಂಜಿ ಊರುಗಳ ಚರಿತ್ರೆಯನ್ನೂ ವಿಚಾರಿಸಿದನು. ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮೊದಲಾದ ಸಹಾಯಕರು ಅವನಿಗಾಗಿ ಶಾಸನಗಳನ್ನೂ ಸ್ಥಳೀಯ ವೃತ್ತಾಂತಗಳನ್ನೂ ಸಂಗ್ರಹಿಸಿದರು. ಆಳುವವರ ಪ್ರಯೋಜನವೇ ಇದರ ಹಿಂದಿದ್ದುದು ನಿಜ. ಆದರೂ ಹೆಸರನ್ನು ತಿಳಿಯಲು ಊರಿನವನನ್ನೇ ಕೇಳಬೇಕಾಗಿತ್ತು.

ಉಪಗ್ರಹವು ಯಾರನ್ನೂ ಕೇಳಬೇಕಾಗಿಲ್ಲ. ಅಮೆರಿಕವು ಜಿಪಿಎಸ್ ಸಂಕೇತಗಳಲ್ಲಿ ಬುದ್ಧಿಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ, ಜನಸಾಮಾನ್ಯರಿಗೂ ಸುಮಾರು ಹತ್ತು ಪಾಲು ಹೆಚ್ಚಿನ ನಿಖರತೆ ದೊರೆಯಿತು. ಹಿಂದೆ ಓದುಗನು ಹಾಳೆಯ ಮೇಲೆ ತಾನಿರುವ ಎಡೆಯನ್ನು ಹುಡುಕುತ್ತಿದ್ದನು. ಈಗ ಕೈಯಲ್ಲಿರುವ ನಕ್ಷೆಯೇ ಅದನ್ನು ತೋರಿಸುತ್ತದೆ.

ಹೆಸರಿನ ಗತಿ ಬೇರೆ. ಚಿಹ್ನೆಗಳಿಲ್ಲದ ರೋಮನ್ ಬರಹದಲ್ಲಿ ಲಕಾರ ಳಕಾರಗಳಿಗೂ ನಕಾರ ಣಕಾರಗಳಿಗೂ ಭೇದವಿಲ್ಲ. ಹ್ರಸ್ವ ದೀರ್ಘಗಳೂ ತಿಳಿಯವು. ಅಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ. ಕೊಳವೂ ಕೋಲವೂ ಒಂದೇ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರುಗಳು ತಿದ್ದಲ್ಪಟ್ಟವು. ಆದರೂ ಬೆಂಗಳೂರಿನ ಳಕಾರ ಆ ಲಿಪಿಯಲ್ಲಿ ಉಳಿಯಲಿಲ್ಲ. 2021ರಲ್ಲಿ ಗೂಗಲ್ ನಕ್ಷೆಯು ಕನ್ನಡವೂ ಸೇರಿದಂತೆ 10 ಭಾರತೀಯ ಭಾಷೆಗಳಿಗೆ ಸ್ಥಳನಾಮಗಳನ್ನು ಯಂತ್ರದಿಂದಲೇ ಲಿಪ್ಯಂತರಿಸುವ ಏರ್ಪಾಟನ್ನು ತಂದಿತು. ಇದು ಸ್ವಾಗತಾರ್ಹವೇ. ಆದರೆ ಮೂಲದ ಅಕ್ಷರ ಒಮ್ಮೆ ರೋಮನ್ನಿನಲ್ಲಿ ಕಳೆದಮೇಲೆ ಯಂತ್ರವು ಊಹಿಸಬಲ್ಲದೇ ಹೊರತು ನೆನೆಯಲಾರದು.

ಸ್ಥಳನಾಮವು ಬರಿಯ ಗುರುತುಚೀಟಿಯಲ್ಲ. ಬತ್ತಿದ ಹೊಳೆ, ಒಡೆದ ಕೆರೆ, ಅಳಿದ ಕೋಟೆಗಳಿಗೆ ಎಷ್ಟೋ ಕಡೆ ಅದೊಂದೇ ಸಾಕ್ಷಿ. ಹೊರನಾಡಿನಲ್ಲಿ ಬೆಳೆಯುವ ಕನ್ನಡದ ಮಕ್ಕಳು ಹಿರಿಯರ ಊರನ್ನು ಹೆಚ್ಚಾಗಿ ಈ ನಕ್ಷೆಗಳಿಂದಲೇ ಅರಿಯುತ್ತಾರೆ. ಆದುದರಿಂದ ಶಾಸನ, ಕೈಫಿಯತ್ತು, ಕಂದಾಯದ ದಾಖಲೆಗಳೊಡನೆ ಹೋಲಿಸಿ, ಊರಿನವರ ಉಚ್ಚಾರಣೆಯನ್ನು ಕೇಳಿ, ಕನ್ನಡ ಲಿಪಿಯ ರೂಪವನ್ನೇ ಮೂಲವಾಗಿ ನೆಲೆಗೊಳಿಸಬೇಕು. ಅಕ್ಷಾಂಶವು ಕೂದಲೆಳೆಯಷ್ಟೂ ತಪ್ಪದೆ, ಹೆಸರು ಮಾತ್ರ ತಪ್ಪಿದ ನಕ್ಷೆ ಅರ್ಧ ನಕ್ಷೆಯಷ್ಟೇ.