ಗಂಟೆಗೊಂದು ಪೆಗ್ ಎಂಬ ಲೆಕ್ಕ

'ಒಂದು ಪೆಗ್ಗಿನ ಅಮಲು ಇಳಿಯಲು ಒಂದು ಗಂಟೆ ಸಾಕು' ಎಂಬ ಮಾತನ್ನು ನೀವು ಕೇಳಿರುತ್ತೀರಿ. ಆರೋಗ್ಯ ಕುರಿತ ಲೇಖನಗಳಲ್ಲೂ ಇದು ಆಗಾಗ ಇಣುಕುವುದುಂಟು. ನೆನಪಿಡಲು ಸುಲಭವಾದ ಸೂತ್ರ, ಒಪ್ಪೋಣ. ಆದರೆ ನಮ್ಮ ಪೆಗ್ಗಿಗೆ ಇದು ಹೊಂದುವುದೇ ಇಲ್ಲ.

ಮೊದಲ ತಪ್ಪು ಅಳತೆಯದು. ಬ್ರಿಟನ್ನಿನಲ್ಲಿ ಒಂದು 'ಯೂನಿಟ್' ಎಂದರೆ 8 ಗ್ರಾಂ ಶುದ್ಧ ಆಲ್ಕೊಹಾಲ್. ಅಮೆರಿಕದ 'ಡ್ರಿಂಕ್' 14 ಗ್ರಾಂ. ನಮ್ಮ ದೊಡ್ಡ ಪೆಗ್ 60 ಮಿಲಿಲೀಟರ್. ಇಲ್ಲಿನ ವಿಸ್ಕಿ, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಗಾತ್ರದ ಶೇ. 42.8ರಷ್ಟು ಆಲ್ಕೊಹಾಲ್ ಇರುತ್ತದೆ. ಅಂದರೆ 25.7 ಮಿಲಿಲೀಟರ್. ಅದನ್ನು ಸಾಂದ್ರತೆ 0.79ರಿಂದ ಗುಣಿಸಿ ನೋಡಿ: 20 ಗ್ರಾಂ! ಸುಮಾರು 70 ಕಿಲೋಗ್ರಾಂ ತೂಕದ ಗಂಡಸಿನ ಶರೀರ ಗಂಟೆಗೆ ವಿಲೇವಾರಿ ಮಾಡುವುದು 7 ಗ್ರಾಂನಷ್ಟು. ಬ್ರಿಟನ್ನಿನ ಯೂನಿಟ್‌ಗೆ ಸೂತ್ರ ಹೆಚ್ಚುಕಡಿಮೆ ಸರಿಹೋಗುತ್ತದೆ. ನಮ್ಮ ಪೆಗ್ಗಿಗೆ ಮೂರು ಗಂಟೆಯ ಹತ್ತಿರ ಬೇಕು.

ಹೆಚ್ಚು ಕುಡಿದರೆ ಹೆಚ್ಚು ವೇಗವಾಗಿ ಇಳಿಯಬಾರದೇಕೆ? ವಿದ್ಯಾರ್ಥಿಗಳು ಎಡವುವುದು ಇಲ್ಲೇ. ವಿಕಿರಣಶೀಲ ಧಾತುವಿನ ಅರ್ಧಾಯುವನ್ನು ಕಲಿತವರು ಆಲ್ಕೊಹಾಲಿಗೂ ಅದನ್ನೇ ಅನ್ವಯಿಸುತ್ತಾರೆ. ಇಲ್ಲಿ ಹಾಗಿಲ್ಲ. ಕುಡಿದದ್ದರಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ಉತ್ಕರ್ಷಣೆಗೊಳ್ಳುವುದು ಮುಖ್ಯವಾಗಿ ಯಕೃತ್ತಿನಲ್ಲಿ. ಆಲ್ಕೊಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಅದನ್ನು ಅಸಿಟಾಲ್ಡಿಹೈಡ್ ಆಗಿಸುತ್ತದೆ; ಮತ್ತೊಂದು ಕಿಣ್ವ ಅದನ್ನು ಅಸಿಟೇಟ್ ಆಗಿಸುತ್ತದೆ. ಮೊದಲ ಕಿಣ್ವ ಸ್ವಲ್ಪ ಆಲ್ಕೊಹಾಲಿಗೇ ಭರ್ತಿಯಾಗಿಬಿಡುತ್ತದೆ. ಒಂದೇ ಕಿಟಕಿಯ ಟಿಕೆಟ್ ಕೌಂಟರಿನಂತೆ: ಸರದಿ ಎಷ್ಟೇ ಉದ್ದವಿರಲಿ, ನಿಮಿಷಕ್ಕೆ ಕೊಡುವ ಟಿಕೆಟ್ ಅಷ್ಟೇ. ಹೀಗಾಗಿ ನಕ್ಷೆಯಲ್ಲಿ ನಿಮಗೆ ಸಿಗುವುದು ನೇರರೇಖೆ. ರಕ್ತದಲ್ಲಿ ತೀರ ಕಡಿಮೆ ಉಳಿದಾಗ ಮಾತ್ರ ಅದು ಬಾಗುತ್ತದೆ. ಕಾಫಿ, ಮಜ್ಜಿಗೆ, ನಿಂಬೆರಸ, ತಲೆಗೆ ತಣ್ಣೀರು ಯಾವುದೂ ಈ ಕಿಟಕಿಯನ್ನು ಅಗಲಿಸವು.

ಈ ನೇರರೇಖೆಯನ್ನು ಸೂತ್ರಕ್ಕಿಳಿಸಿದವರು ಸ್ವೀಡನ್ನಿನ ಎರಿಕ್ ವಿಡ್ಮಾರ್ಕ್. ಅವರ 1932ರ ಪುಸ್ತಕದ ಸ್ಥಿರಾಂಕಗಳು ಗಂಡಸರಿಗೆ 0.68, ಹೆಂಗಸರಿಗೆ 0.55. ಇಂದಿಗೂ ಬಳಕೆಯಲ್ಲಿವೆ. ಆದರೆ ಅವು ಬಂದದ್ದು 20 ಗಂಡಸರು ಹಾಗೂ 10 ಹೆಂಗಸರ ಮೇಲಿನ ಪ್ರಯೋಗದಿಂದ ಎಂಬುದನ್ನು ಲೆಕ್ಕ ಮಾಡುವವರು ಮರೆಯುತ್ತಾರೆ. ಸ್ಥಿರಾಂಕ ಸರಾಸರಿಯದು, ಕುಡಿದವನು ಒಬ್ಬನೇ ವ್ಯಕ್ತಿ.

ನೀವೇ ಲೆಕ್ಕ ಹಾಕಿ. 70 ಕಿಲೋಗ್ರಾಂ ತೂಕದ ಚಾಲಕನೊಬ್ಬ ರಾತ್ರಿ 10ಕ್ಕೆ ಶುರುಮಾಡಿ ಮೂರು ದೊಡ್ಡ ಪೆಗ್ ಕುಡಿದನೆನ್ನಿ. 61 ಗ್ರಾಂ ಆಲ್ಕೊಹಾಲ್. ಸೂತ್ರದ ಪ್ರಕಾರ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 130 ಮಿಲಿಗ್ರಾಂ. 1988ರ ಮೋಟಾರು ವಾಹನ ಕಾಯಿದೆಯ ಮಿತಿ 30 ಮಿಲಿಗ್ರಾಂ. ಗಂಟೆಗೆ 15ರಂತೆ ಇಳಿದರೆ ಈ ಮಿತಿ ತಲಪುವುದು ಬೆಳಗಿನ ಜಾವ ಐದರ ಹತ್ತಿರ. ಆದರೆ ಈ ದರ ಕೆಲವರಲ್ಲಿ 10 ಮಾತ್ರ, ಕೆಲವರಲ್ಲಿ 20 ಅಥವಾ ಅದಕ್ಕೂ ಹೆಚ್ಚು. ಅದೇ ತೂಕದ, ದರ 10 ಇರುವ ಮತ್ತೊಬ್ಬ ಬೆಳಗ್ಗೆ 7ಕ್ಕೆ ಬಸ್ಸು ಹತ್ತಿದಾಗ ಅವನ ರಕ್ತದಲ್ಲಿ ಇನ್ನೂ 40 ಉಳಿದಿರುತ್ತದೆ. ಗಂಟೆಗೊಂದು ಪೆಗ್ಗಿನ ಲೆಕ್ಕದಲ್ಲಿ ಇಬ್ಬರೂ ರಾತ್ರಿ ಒಂದಕ್ಕೇ ಚೊಕ್ಕಟ!

ಅವನಿಗೆ ತಾನು ಸರಿಯಾಗಿದ್ದೇನೆ ಎನ್ನಿಸಬಹುದು. ಎಡ್ವರ್ಡ್ ಮೆಲನ್ಬಿ 1919ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ಗುರುತಿಸಿದರು: ರಕ್ತದ ಮಟ್ಟ ಒಂದೇ ಇದ್ದರೂ ಏರುವಾಗ ತೋರುವಷ್ಟು ಅಮಲು ಇಳಿಯುವಾಗ ತೋರುವುದಿಲ್ಲ. ಉಸಿರು ಪರೀಕ್ಷಿಸುವ ಉಪಕರಣಕ್ಕೆ ಈ ಅನಿಸಿಕೆ ತಿಳಿಯದು. ಅದು ಅಳೆಯುವುದು ಉಸಿರಿನಲ್ಲಿರುವ ಆಲ್ಕೊಹಾಲನ್ನು ಮಾತ್ರ.