ವೇಷವಿದ್ದೂ ಊರಿಲ್ಲದ ವೀರ

ಅತಿಮಾನವ ಶಕ್ತಿಯ ನಾಯಕನ ಸಾಹಸವನ್ನು ಚಿತ್ರದ ಮೇಲೆ ಚಿತ್ರವಿಟ್ಟು ಹೇಳುವ ಕಾಮಿಕ್ಸ್ ಸರಣಿಯೊಂದು ಓದುಗರನ್ನು ಹಿಡಿದಿಡದೆ ಹೋದಾಗ, ಮುಂದೇನಾಗುವುದೆಂದು ಮೊದಲೇ ತಿಳಿದಿತ್ತೆಂಬುದನ್ನೇ ಅದರ ದೋಷವೆಂದು ಹೇಳುವುದುಂಟು. ಆದರೆ ರಾವಣನ ಕೊನೆಯನ್ನು ಬಲ್ಲವರೇ ಮೂಡಲಪಾಯ ಯಕ್ಷಗಾನದ ಮುಂದೆ ಬೆಳಗಿನವರೆಗೆ ಕುಳಿತಿರುವ ನಾಗಮಂಗಲ ಸೀಮೆಯಲ್ಲಿ ಈ ವಾದ ನಿಲ್ಲುವುದಿಲ್ಲ. ಕಥೆಯ ಕೊನೆ ತಿಳಿದಿದ್ದರೂ, ನಾಯಕನು ಏನನ್ನು ಕಳೆದುಕೊಳ್ಳಬಲ್ಲನೆಂಬ ಅಳುಕು ಜೀವಂತವಾಗಿದ್ದರೆ ಕೇಳುಗರು ಕದಲುವುದಿಲ್ಲ.

ಗೋಥಮ್ ಎಂಟರ್‌ಟೈನ್‌ಮೆಂಟ್ ಸಂಸ್ಥೆಯು ಅಮೆರಿಕದ ಮಾರ್ವೆಲ್ ಸಂಸ್ಥೆಯ ಪರವಾನಗಿ ಪಡೆದು 2004ರಲ್ಲಿ ಹೊರತಂದ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಇಂಥ ಅಳುಕು ಉಳಿಯದ ಕಥೆಗೆ ತಕ್ಕ ನಿದರ್ಶನ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಕಾಂಗ್ ರೂಪಿಸಿದ ಈ ಸರಣಿಯಲ್ಲಿ ಪೀಟರ್ ಪಾರ್ಕರನು ಪವಿತ್ರ್ ಪ್ರಭಾಕರನಾಗಿ, ನಾರ್ಮನ್ ಓಸ್ಬರ್ನನು ನಳಿನ್ ಒಬೆರಾಯ್ ಆಗಿ ಮಾರ್ಪಟ್ಟರು. ಹಳ್ಳಿಯಿಂದ ಮುಂಬೈಗೆ ಬಂದ ಹುಡುಗನಿಗೆ ಯೋಗಿಯೊಬ್ಬನಿಂದ ಶಕ್ತಿ ದೊರೆಯಿತು, ಅವನ ಉಡುಪಿಗೆ ಧೋತಿ ಸೇರಿತು. ಸರಣಿ ನಾಲ್ಕೇ ಸಂಚಿಕೆಗಳಿಗೆ ಮುಗಿಯಿತು.

ಹೆಸರುಗಳ ಈ ಜೋಡಣೆ ಚತುರವಾಗಿದ್ದರೂ, ಯಾರು ಯಾರಾಗಿದ್ದಾರೆಂದು ಗುರುತಿಸಿದ ಕೂಡಲೇ ಓದುಗನ ಕುತೂಹಲ ತೀರಿಬಿಡುತ್ತದೆ. ಕಾಮಿಕ್ಸಿನಲ್ಲಿ ಎರಡು ಚೌಕಟ್ಟುಗಳ ನಡುವೆ ಉಳಿಯುವ ಬಿಳಿಯ ತೆರಪು ಬರಿಯ ಖಾಲಿ ಜಾಗವಲ್ಲ. ಅಲ್ಲಿ ನಡೆದಿರಬಹುದಾದುದನ್ನು ಓದುಗನ ಕಲ್ಪನೆ ತುಂಬಿಕೊಳ್ಳುತ್ತದೆ ಎಂಬುದನ್ನು ಸ್ಕಾಟ್ ಮೆಕ್‌ಕ್ಲೌಡ್ 1993ರ ತಮ್ಮ ಗ್ರಂಥದಲ್ಲಿ ವಿಶದಪಡಿಸಿದ್ದಾರೆ. ಪಾತ್ರದ ಒಳತುಮುಲವು ಆ ತೆರಪಿಗೆ ಹರಿದು ಬರದಿದ್ದರೆ ಕಲ್ಪನೆಗೆ ಕೆಲಸವಿರುವುದಿಲ್ಲ. ತಾನು ನೆರವಾಗದೆ ಹೋದುದರಿಂದಲೇ ಭೀಮ್ ಚಿಕ್ಕಪ್ಪ ಸತ್ತನೆಂಬ ಪವಿತ್ರನ ಪಶ್ಚಾತ್ತಾಪವು ಬಹುಕಾಲ ಸುಡಬೇಕಾಗಿದ್ದ ಕೆಂಡ. ರಾಕ್ಷಸರೊಡನೆ ಒಂದರ ಹಿಂದೊಂದು ಕಾಳಗ ನಡೆಯುವ ನಾಲ್ಕು ಸಂಚಿಕೆಗಳಲ್ಲಿ ಅದನ್ನು ಬೇಗನೆ ಬೂದಿ ಮುಚ್ಚಿತು. ಅವನು ಬಿಟ್ಟುಬಂದ ಹಳ್ಳಿಯೂ ಧೋತಿಯಾಗಿ ಮಾತ್ರ ಉಳಿದು, ಕಥೆಯ ಹೊಣೆಯಾಗಿ ಬೆಳೆಯಲಿಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ, ಇದಕ್ಕೆ ವಿರುದ್ಧವಾದ ಚಿತ್ರಕಥನವೊಂದಿದೆ. 1784ರಲ್ಲಿ ಕಟ್ಟಿದ ಈ ಅರಮನೆಯ ಭಿತ್ತಿಚಿತ್ರವು 1780ರ ಪೊಲ್ಲಿಲೂರು ಯುದ್ಧವನ್ನು ಚಿತ್ರಿಸುತ್ತದೆ. ಗೆದ್ದವರು ಯಾರೆಂದು ನೋಡುಗರೆಲ್ಲರೂ ಬಲ್ಲರಾದರೂ, ಇಂಗ್ಲಿಷರ ಸೇನಾವ್ಯೂಹದ ನಡುವೆ ಮದ್ದಿನ ಬಂಡಿ ಸಿಡಿದ ಗಳಿಗೆಯನ್ನೂ ಪಲ್ಲಕ್ಕಿಯಲ್ಲಿ ಕುಳಿತ ಅವರ ಸೇನಾನಿ ಕರ್ನಲ್ ಬೈಲಿಯ ನಿಸ್ಸಹಾಯಕತೆಯನ್ನೂ ಚಿತ್ರಕಾರರು ಆರಿಸಿಕೊಂಡಿರುವುದರಿಂದ ಕಣ್ಣು ಅಲ್ಲಿಗೇ ಮರಳುತ್ತದೆ. ಮೈಸೂರಿನವರು ತಮ್ಮದೇ ಯುದ್ಧವನ್ನು ಬರೆಸಿದ್ದರಿಂದ, ಅಲ್ಲಿ ಯಾವ ವಿವರವೂ ಎರವಲೆನಿಸುವುದಿಲ್ಲ.

ಪವಿತ್ರನ ಪಾತ್ರವು ಸ್ವತಃ ಬಡವಾಗಿರಲಿಲ್ಲವೆಂಬುದು 2023ರ ‘ಅಕ್ರಾಸ್ ದ ಸ್ಪೈಡರ್‌ವರ್ಸ್’ ಚಲನಚಿತ್ರದಿಂದ ಸ್ಪಷ್ಟವಾಯಿತು. ಮುಂಬೈ ಮತ್ತು ಮ್ಯಾನ್‌ಹಟನ್ ಬೆರೆತ ಕಲ್ಪಿತ ನಗರವನ್ನು ಅವನು ಅಲ್ಲಿ ತನ್ನದೆಂದು ಹೆಮ್ಮೆಯಿಂದ ತೋರಿಸುತ್ತಾನೆ, ಅಪಾಯ ಎರಗುವುದೂ ಅವನು ಒಲಿದ ಹುಡುಗಿಯ ತಂದೆಯ ಮೇಲೆ. ಕೆಲವೇ ನಿಮಿಷಗಳಲ್ಲಿ ಅವನು ಪ್ರೇಕ್ಷಕರಿಗೆ ಆಪ್ತನಾದನು. ಕನ್ನಡದಲ್ಲಿ ಮುಂದೆ ಇಂಥ ವೀರನನ್ನು ಸೃಷ್ಟಿಸುವವರು, ಅವನ ಭುಜಕ್ಕೆ ಶಕ್ತಿಯನ್ನು ತುಂಬುವ ಮೊದಲು, ಅವನು ಕಳೆದುಕೊಳ್ಳಲು ಅಂಜುವ ಊರೊಂದನ್ನು ಬರೆಯಬೇಕು.